ತಾರೀಖು ಮರೆತ ಗಣಕ

ಸಂಜೆ ಏಳು ಗಂಟೆ ಎಂದರೆ ಊರಿನ ಬಹುಪಾಲು ಅಂಗಡಿಗಳಲ್ಲಿ ಬಾಗಿಲು ಹಾಕುವ ಯೋಚನೆ ಶುರುವಾಗುವ ಹೊತ್ತು. ಕಲಾಸಿಪಾಳ್ಯದ ಲಾರಿ ಆಫೀಸುಗಳಲ್ಲಿ ಮಾತ್ರ ಅದು ಕೆಲಸ ಏರುವ ಹೊತ್ತು. ಜೆ.ಸಿ. ರಸ್ತೆಯ ವಾಹನ ಬಿಡಿಭಾಗಗಳ ಪೆಟ್ಟಿಗೆ, ಚಿಕ್ಕಪೇಟೆಯ ಬಟ್ಟೆಯ ಬೇಲು, ಎಸ್.ಪಿ. ರಸ್ತೆಯ ವೈರು-ಸ್ವಿಚ್ಚುಗಳ ಡಬ್ಬ ಎಲ್ಲವೂ ಬಂದು ಇಲ್ಲಿ ಇಳಿಯುತ್ತವೆ. ಪ್ರತಿಯೊಂದಕ್ಕೂ ಒಂದು ರಸೀದಿ ಆಗಬೇಕು. ವ್ಯಾಪಾರಿಗಳ ಬಾಯಲ್ಲಿ ಎಲ್.ಆರ್. ಎನಿಸಿಕೊಂಡಿರುವ ಈ ಲಾರಿ ರಸೀದಿಯಲ್ಲಿ ಕಳಿಸುವವರು ಯಾರು, ಪಡೆಯುವವರು ಯಾರು, ಎಷ್ಟು ನಗ, ಎಷ್ಟು ತೂಕ, ಬಾಡಿಗೆಯನ್ನು ಇಲ್ಲೇ ಕೊಟ್ಟಾಗಿದೆಯೋ ಅಲ್ಲಿ ವಸೂಲಾಗಬೇಕೋ ಎಂಬ ವಿವರಗಳಿರುತ್ತವೆ. ತಾರೀಖಂತೂ ಇರಲೇಬೇಕು.

ಇಂಥ ಒಂದು ಆಫೀಸನ್ನು ಊಹಿಸಿಕೊಳ್ಳಿ. ಹದಿನೈದು ವರ್ಷಗಳ ಹಿಂದೆ ಯಾರೋ ಒಬ್ಬ ಹುಡುಗ ಮೈಕ್ರೊಸಾಫ್ಟ್ ಆಕ್ಸೆಸ್ ಎಂಬ ತಂತ್ರಾಂಶದಲ್ಲಿ ರಸೀದಿ ಹಾಕುವ ವ್ಯವಸ್ಥೆಯನ್ನು ಸಿದ್ಧಪಡಿಸಿ ಕೊಟ್ಟು, ಬೇರೆ ನೌಕರಿ ಹಿಡಿದು ಹೋಗಿದ್ದಾನೆ. ವ್ಯವಸ್ಥೆ ಚೆನ್ನಾಗಿಯೇ ನಡೆದಿದೆ. ಹಳೆಯ ಕಂಪ್ಯೂಟರ್ ಆಮೆ ನಡಿಗೆಗೆ ಇಳಿದದ್ದರಿಂದ ಯಜಮಾನರು ಎಸ್.ಪಿ. ರಸ್ತೆಗೆ ಹೋಗಿ ಹೊಸದನ್ನು ತಂದಿದ್ದಾರೆ. ಕಡತವನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಬಂದು ಹೊಸ ಯಂತ್ರಕ್ಕೆ ಇಳಿಸಿದ್ದೂ ಆಯಿತು. ತೆರೆದು ನೋಡಿದರೆ ಎಂದಿನ ರಸೀದಿ ನಮೂನೆ ಕಾಣಿಸುತ್ತದೆ. ಆದರೆ ತಾರೀಖು ಇರಬೇಕಾದ ಚೌಕದಲ್ಲಿ ತಾರೀಖಿಲ್ಲ. ಅಲ್ಲಿ 'ನೇಮ್' ಎಂಬ ಇಂಗ್ಲಿಷ್ ಪದವೂ ಒಂದು ಪ್ರಶ್ನಾರ್ಥಕ ಚಿಹ್ನೆಯೂ ಕುಳಿತಿವೆ. ಗುಂಡಿ ಒತ್ತಿದರೆ 'ಕಾಂಟ್ ಫೈಂಡ್ ಪ್ರಾಜೆಕ್ಟ್ ಆರ್ ಲೈಬ್ರರಿ' ಎಂಬ ತಕರಾರು. ಹೊರಗೆ ಲಾರಿ ತುಂಬುತ್ತಿದೆ.

ಇಂಥ ಹೊತ್ತಿನಲ್ಲಿ ಸಲಹೆಗಳಿಗೇನೂ ಬರವಿಲ್ಲ. ವೈರಸ್ ಹೊಕ್ಕಿದೆ ಎನ್ನುತ್ತಾರೆ ಒಬ್ಬರು. ತಾರೀಖು ಬರುತ್ತಿಲ್ಲವೆಂದರೆ ಒಳಗಿನ ಬ್ಯಾಟರಿ ಸತ್ತಿರಬೇಕು ಎಂಬುದು ಇನ್ನೊಬ್ಬರ ತರ್ಕ. ಎಲ್ಲಕ್ಕಿಂತ ಅಪಾಯದ ಸಲಹೆ ಮೂರನೆಯದು: "ಒಂದ್ಸಲ ಫಾರ್ಮ್ಯಾಟ್ ಹೊಡೆದುಬಿಡಿ ಸಾರ್, ಎಲ್ಲಾ ಸರಿಹೋಗುತ್ತೆ." ಬೇರೆ ಪ್ರತಿ ಇಲ್ಲದಿದ್ದರೆ ಸರಿಹೋಗುವುದಲ್ಲ, ಹದಿನೈದು ವರ್ಷದ ಲೆಕ್ಕ ಅಳಿಸಿಹೋಗುತ್ತದೆ.

ಪಕ್ಕದ ಅಂಗಡಿಯವರ ಮಗಳು ಬಿ.ಸಿ.ಎ. ಓದುತ್ತಿದ್ದಾಳೆಂದು ಯಾರಿಗೋ ನೆನಪಾಗಿ ಆಕೆಯನ್ನು ಕರೆತರುತ್ತಾರೆ ಎನ್ನಿ. "ಎಲ್ಲಾ ಹೋಯ್ತೇನಮ್ಮ?" ಎಂದು ಯಜಮಾನರು ಕೇಳುತ್ತಾರೆ. ಆಕೆ ಮೊದಲು ನೋಡಬೇಕಾದದ್ದು ಪರದೆಯ ಕೆಳಮೂಲೆಯ ಗಡಿಯಾರವನ್ನು. ಅಲ್ಲಿ ತಾರೀಖು ಸರಿಯಾಗಿದ್ದರೆ ಬ್ಯಾಟರಿಯ ವಾದ ಅಲ್ಲಿಗೆ ಬಿತ್ತು. ಎರಡನೆಯದಾಗಿ, ನಮೂನೆಯನ್ನು ಬದಿಗಿಟ್ಟು ಅದರ ಹಿಂದಿರುವ ಕೋಷ್ಟಕವನ್ನೇ ನೇರವಾಗಿ ತೆರೆಯಬೇಕು. ನಿನ್ನೆ ರಾತ್ರಿಯ ಕೊನೆಯ ಎಲ್.ಆರ್. ತನಕ ಎಲ್ಲ ಸಾಲುಗಳೂ ಅಲ್ಲಿವೆ. "ಲೆಕ್ಕ ಎಲ್ಲೂ ಹೋಗಿಲ್ಲ ಅಂಕಲ್, ಇಲ್ಲೇ ಇದೆ ನೋಡಿ." ಇಷ್ಟು ಹೇಳಿದರೆ ಯಜಮಾನರ ಅರ್ಧ ರಕ್ತದೊತ್ತಡ ಇಳಿದಂತೆಯೇ. ಹಾಗಾದರೆ ಹೋದದ್ದೇನು?

ಕಡತದೊಳಗೆ ಏನಿದೆ, ಏನಿಲ್ಲ

ಮೈಕ್ರೊಸಾಫ್ಟ್ ಕಂಪನಿ ಆಕ್ಸೆಸ್ಸನ್ನು ಮೊದಲು ಮಾರುಕಟ್ಟೆಗೆ ತಂದದ್ದು 1992ರ ಕೊನೆಯಲ್ಲಿ. ದೊಡ್ಡ ಕಂಪ್ಯೂಟರುಗಳ ಸೊತ್ತಾಗಿದ್ದ ದತ್ತಾಂಶ ನಿರ್ವಹಣೆಯನ್ನು ಮೇಜಿನ ಮೇಲಿನ ಯಂತ್ರಕ್ಕೆ ಇಳಿಸಿದ ತಂತ್ರಾಂಶಗಳಲ್ಲಿ ಇದೂ ಒಂದು. ಎಂ.ಎಸ್. ಆಫೀಸ್ ಕೋರ್ಸು ಮಾಡಿದವರು ವರ್ಡ್, ಎಕ್ಸೆಲ್ ಮುಗಿಸಿ ಕೊನೆಗೆ ಅವಸರದಲ್ಲಿ ಕಲಿತ ಪಾಠ ಇದೇ ಇರಬೇಕು. ಇದರಲ್ಲಿ ಮಾಹಿತಿ ಇಡಲು ಕೋಷ್ಟಕ, ತುಂಬಲು ನಮೂನೆ, ಹುಡುಕಲು ಪ್ರಶ್ನೆ, ಅಚ್ಚು ಹಾಕಲು ವರದಿ ಎಂದು ಬೇರೆ ಬೇರೆ ಅಂಗಗಳಿವೆ. ಎಲ್ಲವನ್ನೂ ಪೋಣಿಸಿ ಕುಣಿಸಲು ವಿ.ಬಿ.ಎ. ಎಂಬ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯಿದೆ.

ಇಷ್ಟನ್ನೂ ಒಂದೇ ಕಡತದಲ್ಲಿ ಇಡಬಹುದಾದ್ದರಿಂದ, ಕಡತವನ್ನು ನಕಲು ಮಾಡಿದರೆ ಎಲ್ಲವೂ ಬಂದಂತೆ ಎಂದು ಜನ ಭಾವಿಸುತ್ತಾರೆ. ಎಡವುವುದು ಇಲ್ಲೇ. ಪ್ರೋಗ್ರಾಮು ಬರೆಯುವವನು ಪ್ರತಿಯೊಂದು ಕೆಲಸವನ್ನೂ ಹೊಸದಾಗಿ ಬರೆಯುವುದಿಲ್ಲ. ಇವತ್ತಿನ ತಾರೀಖು ಹೇಳುವುದು, ಒಂದು ಹೆಸರಿನ ಮೊದಲ ಮೂರು ಅಕ್ಷರ ತೆಗೆಯುವುದು, ಎಕ್ಸೆಲ್ ಹಾಳೆಗೆ ಲೆಕ್ಕ ಕಳಿಸುವುದು ಮುಂತಾದ ಕೆಲಸಗಳ ಸಿದ್ಧ ಸೂಚನೆಗಳು ಬೇರೆ ಬೇರೆ ಕಡತಗಳಲ್ಲಿ ಮೊದಲೇ ಇರುತ್ತವೆ. ಇವಕ್ಕೇ ಲೈಬ್ರರಿ ಎಂದು ಹೆಸರು. ಇವು ಆಫೀಸಿನ ಕಡತದೊಳಗೆ ಇರುವುದಿಲ್ಲ. ಕಂಪ್ಯೂಟರಿನಲ್ಲಿ ಬೇರೆಲ್ಲೋ, ವಿಂಡೋಸಿನ ಅಥವಾ ಆಫೀಸ್ ತಂತ್ರಾಂಶದ ಫೋಲ್ಡರುಗಳಲ್ಲಿ ಇರುತ್ತವೆ. ಆಕ್ಸೆಸ್ ಕಡತದಲ್ಲಿ ಇರುವುದು 'ಇಂಥಿಂಥ ಲೈಬ್ರರಿಗಳು ಬೇಕು' ಎಂಬ ಒಂದು ಪಟ್ಟಿ ಮಾತ್ರ. ಪಟ್ಟಿಯ ಒಂದೊಂದು ನಮೂದೂ ಒಂದೊಂದು ರೆಫರೆನ್ಸ್.

ಲಾರಿ ಆಫೀಸಿನವರಿಗೆ ಇದನ್ನು ವಿವರಿಸುವುದು ಸುಲಭ. ಎಲ್.ಆರ್. ಚೀಟಿ ಕೈಯಲ್ಲಿದ್ದ ಮಾತ್ರಕ್ಕೆ ಮಾಲು ಕೈಯಲ್ಲಿದ್ದಂತಲ್ಲ. ಮಾಲು ಗೋಡೌನಿನಲ್ಲಿದೆ. ಗೋಡೌನೇ ಬೇರೆ ಬೀದಿಗೆ ಹೋಗಿದ್ದರೆ ಚೀಟಿ ಎಷ್ಟೇ ಅಸಲಿಯಾಗಿದ್ದರೂ ಹಮಾಲಿ ಬರಿಗೈಯಲ್ಲಿ ವಾಪಸು ಬರುತ್ತಾನೆ.

ಕನ್ನಡ ಬೆರಳಚ್ಚು ಬಲ್ಲವರು ಇದನ್ನೇ ಇನ್ನೊಂದು ರೂಪದಲ್ಲಿ ಕಂಡಿದ್ದಾರೆ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಮದುವೆ ಕರೆಯೋಲೆಯನ್ನು, ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಅರ್ಥವಾಗದ ಅಕ್ಷರಗಳ ರಾಶಿ ಕಾಣುತ್ತದೆ. ಪತ್ರ ಹಾಳಾಗಿರುವುದಿಲ್ಲ. ಪತ್ರದೊಳಗೆ ಅಕ್ಷರಶೈಲಿಯ ಹೆಸರಿತ್ತೇ ಹೊರತು ಅಕ್ಷರಶೈಲಿ ಇರಲಿಲ್ಲ, ಅಷ್ಟೆ. ಅದನ್ನು ಯಂತ್ರಕ್ಕೆ ಹಾಕಿದೊಡನೆ ಕನ್ನಡ ಮರಳಿ ಬರುತ್ತದೆ.

ಬರಿಯ ಹೆಸರನ್ನು ನಂಬಿ ಹುಡುಕಿದರೆ ಗೊಂದಲವಾಗುತ್ತದೆಂದು ಪ್ರತಿ ಲೈಬ್ರರಿಗೂ 128 ಬಿಟ್ಟುಗಳ ಒಂದು ಗುರುತಿನ ಸಂಖ್ಯೆ ಕೊಟ್ಟಿರುತ್ತಾರೆ. ಬರೆದರೆ 32 ಅಂಕಿ-ಅಕ್ಷರಗಳಷ್ಟು ಉದ್ದ. ಅದರ ಜೊತೆಗೆ ಎಷ್ಟನೆಯ ಆವೃತ್ತಿ, ಕಡತ ಯಾವ ಫೋಲ್ಡರಿನಲ್ಲಿತ್ತು ಎಂಬುದೂ ರೆಫರೆನ್ಸಿನಲ್ಲಿ ಸೇರಿರುತ್ತದೆ. ಈ ಸಂಖ್ಯೆಯ ಲೈಬ್ರರಿ ಈ ಯಂತ್ರದಲ್ಲಿ ಎಲ್ಲಿದೆ ಎಂಬ ವಿಳಾಸ ವಿಂಡೋಸಿನ ರಿಜಿಸ್ಟ್ರಿ ಎಂಬ ದಫ್ತರದಲ್ಲಿ ದಾಖಲಾಗಿರಬೇಕು. ದಾಖಲೆಯೂ ಇಲ್ಲ, ಹಳೆಯ ಜಾಗದಲ್ಲಿ ಕಡತವೂ ಇಲ್ಲ, ಉಳಿದ ಪರಿಚಿತ ಫೋಲ್ಡರುಗಳಲ್ಲಿ ಹುಡುಕಿದರೂ ಸಿಗಲಿಲ್ಲ ಎಂದಾಗ ಆಕ್ಸೆಸ್ ಆ ನಮೂದಿನ ಮುಂದೆ 'ಮಿಸ್ಸಿಂಗ್' ಎಂದು ಬರೆದಿಡುತ್ತದೆ.

ಕಳುವಾದದ್ದು ಒಂದು, ಸಿಕ್ಕಿಬಿದ್ದದ್ದು ಇನ್ನೊಂದು

ಈ ದೋಷದ ವಿಚಿತ್ರವಿರುವುದು ಇಲ್ಲಿ. ತಾರೀಖು ಹೇಳುವ 'ಡೇಟ್' ಎಂಬ ಸೂಚನೆ ಇರುವುದು ವಿ.ಬಿ.ಎ.ಯ ಸ್ವಂತ ಲೈಬ್ರರಿಯಲ್ಲಿ. ಅದು ಪಟ್ಟಿಯ ಮೊದಲ ನಮೂದು. ಸಾಮಾನ್ಯವಾಗಿ ಅದು ಕಳೆದುಹೋಗುವುದೂ ಇಲ್ಲ, ಅದನ್ನು ಪಟ್ಟಿಯಿಂದ ತೆಗೆಯಲೂ ಬರುವುದಿಲ್ಲ. ಕಳೆದಿರುವುದು ತಾರೀಖಿಗೆ ಸಂಬಂಧವೇ ಇಲ್ಲದ ಬೇರೊಂದು ಲೈಬ್ರರಿ. ಎಕ್ಸೆಲ್‌ನದೋ, ಒಂದು ಅಲಂಕಾರದ ಗುಂಡಿಯದೋ ಆಗಿರಬಹುದು. ಆದರೆ ಪಟ್ಟಿಯಲ್ಲಿ ಒಂದು ಕೊಂಡಿ ಕಳಚಿದರೂ ಒಟ್ಟು ಪ್ರೋಗ್ರಾಮನ್ನು ಯಂತ್ರಕ್ಕೆ ಅರ್ಥವಾಗುವಂತೆ ಜೋಡಿಸುವ 'ಕಂಪೈಲ್' ಕೆಲಸ ನಿಂತುಬಿಡುತ್ತದೆ. ಆಗ ಯಾವ ಹೆಸರು ಯಾವ ಲೈಬ್ರರಿಗೆ ಸೇರಿದ್ದೆಂದು ತೀರ್ಮಾನಿಸಲು ಆಕ್ಸೆಸ್‌ಗೆ ಆಗುವುದಿಲ್ಲ. ಡೇಟ್, ಲೆಫ್ಟ್, ಮಿಡ್, ಫಾರ್ಮ್ಯಾಟ್ ಮುಂತಾದ ದಿನನಿತ್ಯದ ನಿರಪರಾಧಿ ಸೂಚನೆಗಳೇ ಮೊದಲು ಸಿಕ್ಕಿಬೀಳುತ್ತವೆ. ವಿ.ಬಿ.ಎ. ಎಂದು ಮನೆತನದ ಹೆಸರನ್ನೂ ಸೇರಿಸಿ, ನಡುವೆ ಒಂದು ಚುಕ್ಕೆಯಿಟ್ಟು 'ವಿ.ಬಿ.ಎ. ಡಾಟ್ ಡೇಟ್' ಎಂದು ಬರೆದರೆ ಅದೇ ಸೂಚನೆ ಮತ್ತೆ ಕೆಲಸ ಮಾಡುವುದುಂಟು. ತಪ್ಪು ಡೇಟ್‌ನಲ್ಲಿ ಇರಲಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳು ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ಬೆರಳು ಜೋಮು ಹಿಡಿದರೆ ಕೆಲವೊಮ್ಮೆ ಕಾರಣ ಬೆರಳಿನಲ್ಲಿರದೆ ಕುತ್ತಿಗೆಯ ಮೂಳೆಯ ಬಳಿ ಒತ್ತಿಕೊಂಡ ನರದಲ್ಲಿರುತ್ತದೆ. ಬೆರಳಿಗೇ ಮುಲಾಮು ತಿಕ್ಕುತ್ತಾ ಕುಳಿತರೆ ಪ್ರಯೋಜನವಿಲ್ಲ. ತಾರೀಖಿನ ಚೌಕವನ್ನು ಅಳಿಸಿ ಮತ್ತೆ ಬರೆಯುವುದು, ವಿಂಡೋಸಿನ ಗಡಿಯಾರ ತಿದ್ದುವುದು, ಬ್ಯಾಟರಿ ಬದಲಿಸುವುದು ಎಲ್ಲವೂ ಮುಲಾಮೇ.

ಕೊಂಡಿ ಕಳಚುವುದಕ್ಕೆ ಕಾರಣಗಳು ಹಲವು. ಹೊಸ ಯಂತ್ರದಲ್ಲಿ ಆ ಲೈಬ್ರರಿಯನ್ನು ಹಾಕಿಯೇ ಇಲ್ಲದಿರುವುದು ಎಲ್ಲಕ್ಕಿಂತ ಸಾಮಾನ್ಯ. ಕಂಪನಿಯೇ ಲೈಬ್ರರಿಯನ್ನು ಕೈಬಿಟ್ಟದ್ದೂ ಇದೆ. ತಾರೀಖು ಆರಿಸಲು ಬಹಳ ಆಫೀಸುಗಳು ಬಳಸುತ್ತಿದ್ದ ಕ್ಯಾಲೆಂಡರ್ ಕಂಟ್ರೋಲನ್ನು ಆಫೀಸ್ 2010ರಲ್ಲಿ ತೆಗೆದುಹಾಕಿದರು. ಅದರ ಜೊತೆಗೇ ಬಂದ 64 ಬಿಟ್‌ನ ಆಫೀಸ್‌ನಲ್ಲಿ 32 ಬಿಟ್‌ನ ಹಳೆಯ ಲೈಬ್ರರಿಗಳು ನಡೆಯಲಾರವು. ಹಳೆಯ ಡಿ.ಎ.ಒ. 3.6 ಕೂಡ ಇವುಗಳಲ್ಲಿ ಸೇರಿದೆ. ಇನ್ನು ಸುರಕ್ಷತೆಗೆಂದು ಬಂದ ತಿದ್ದುಪಡಿಯೇ ಕೊಂಡಿ ಕಳಚಿದ ಉದಾಹರಣೆಯೂ ಇದೆ. 2012ರ ಏಪ್ರಿಲ್‌ನಲ್ಲಿ ಸಾಮಾನ್ಯ ಕಂಟ್ರೋಲುಗಳ ಲೈಬ್ರರಿಯೊಂದಕ್ಕೆ ಮೈಕ್ರೊಸಾಫ್ಟ್ ತಿದ್ದುಪಡಿ ಕಳಿಸಿದಾಗ, ಅದನ್ನು ನೆಚ್ಚಿದ್ದ ನಮೂನೆಗಳು ಕೆಲವು ಯಂತ್ರಗಳಲ್ಲಿ ಮರುದಿನ ತೆರೆಯಲೇ ಇಲ್ಲ. ಲೈಬ್ರರಿಯನ್ನು ಹೊಸದಾಗಿ ನೋಂದಾಯಿಸಿದ ಮೇಲೆ ಸರಿಯಾಯಿತು.

ಎರಡು ಕಂಪ್ಯೂಟರು ಇರುವ ಆಫೀಸಿನಲ್ಲಿ ನಡೆಯುವ ಆಟ ಇನ್ನೂ ಸ್ವಾರಸ್ಯ. ಮುಂದಿನ ಮೇಜಿನಲ್ಲಿ ಆಫೀಸ್ 2010, ಹಿಂದಿನ ಮೇಜಿನಲ್ಲಿ 2003. ಎರಡರಿಂದಲೂ ತೆರೆಯುವುದು ಒಂದೇ ಕಡತವನ್ನು. ಮುಂದಿನ ಯಂತ್ರದಲ್ಲಿ ಕಡತ ತೆರೆದಾಗ ಎಕ್ಸೆಲ್ ಲೈಬ್ರರಿಯ ರೆಫರೆನ್ಸ್ ಸದ್ದಿಲ್ಲದೆ 11ನೇ ಆವೃತ್ತಿಯಿಂದ 14ಕ್ಕೆ ಬಡ್ತಿ ಪಡೆಯುತ್ತದೆ. ಹಿಂದಿನ ಯಂತ್ರದಲ್ಲಿ 14 ಎಂಬುದೇ ಇಲ್ಲ. ಮೇಲೇರುವುದಕ್ಕೆ ಮೆಟ್ಟಿಲಿದೆ, ಇಳಿಯುವುದಕ್ಕಿಲ್ಲ. ಹೀಗಾಗಿ ತಪ್ಪು ಮಾಡಿದ್ದು ಮುಂದಿನ ಮೇಜು, ಬೈಗುಳ ತಿಂದದ್ದು ಹಿಂದಿನ ಮೇಜು.

ದುರಸ್ತಿ

ಕೈ ಹಾಕುವ ಮುನ್ನ ಕಡತದ ಒಂದು ಪ್ರತಿ ತೆಗೆದಿಡಬೇಕು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಆಮೇಲೆ ಕೀಲಿಮಣೆಯ ಶಿಫ್ಟ್ ಒತ್ತಿಹಿಡಿದು ಕಡತವನ್ನು ತೆರೆದರೆ, ಸಾಮಾನ್ಯವಾಗಿ ಆರಂಭದ ನಮೂನೆಗಳು ಮುನ್ನುಗ್ಗದೆ ಸುಮ್ಮನಿರುತ್ತವೆ. ಆಲ್ಟ್ ಮತ್ತು ಎಫ್11 ಒಟ್ಟಿಗೆ ಒತ್ತಿದರೆ ವಿ.ಬಿ.ಎ. ಕಿಟಕಿ ಬರುತ್ತದೆ. ಅಲ್ಲಿ 'ಟೂಲ್ಸ್' ಪಟ್ಟಿಯಲ್ಲಿ 'ರೆಫರೆನ್ಸಸ್' ಇದೆ. ಅದು ಮಸುಕಾಗಿದ್ದು ಒತ್ತಲು ಬರದಿದ್ದರೆ ಯಾವುದೋ ಪ್ರೋಗ್ರಾಮು ಅರ್ಧದಲ್ಲಿ ನಿಂತಿದೆ ಎಂದರ್ಥ. 'ರನ್' ಪಟ್ಟಿಯ 'ರೀಸೆಟ್' ಒತ್ತಿದರೆ ದಾರಿ ಬಿಡುತ್ತದೆ.

ಈಗ ಕಾಣುವುದೇ ಆ ಪಟ್ಟಿ. ಟಿಕ್ ಹಾಕಿದ ನಮೂದುಗಳಲ್ಲಿ ಯಾವುದರ ಮುಂದೆ 'ಮಿಸ್ಸಿಂಗ್' ಎಂದಿದೆಯೋ ಅದರ ಪೂರ್ತಿ ಹೆಸರನ್ನೂ ಕೆಳಗೆ ತೋರುವ ವಿಳಾಸವನ್ನೂ ಒಂದು ಕಾಗದದಲ್ಲಿ ಬರೆದುಕೊಳ್ಳಬೇಕು. ಅವಸರದಲ್ಲಿ ಈ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ಟಿಕ್ ತೆಗೆದು ಓಕೆ ಒತ್ತಿದ ಮೇಲೆ ಆ ಹೆಸರು ಪಟ್ಟಿಯಿಂದಲೇ ಮಾಯವಾಗಬಹುದು. ಆಮೇಲೆ ಏನಿತ್ತೆಂದು ಯಾರನ್ನು ಕೇಳುವುದು?

ಟಿಕ್ ತೆಗೆದು, 'ಡಿಬಗ್' ಪಟ್ಟಿಯ 'ಕಂಪೈಲ್' ಒತ್ತಿ ನೋಡಬೇಕು. ತಕರಾರಿಲ್ಲದೆ ಮುಗಿದರೆ ಕಳೆದುಹೋದ ಲೈಬ್ರರಿ ಅಸಲಿಗೆ ಬೇಕೇ ಇರಲಿಲ್ಲ. ಹಿಂದೆ ಯಾರೋ ಪ್ರಯೋಗಕ್ಕೆಂದು ಟಿಕ್ ಹಾಕಿ ಮರೆತಿದ್ದರು. ಇಂಥ ಪ್ರಸಂಗಗಳು ಅಪರೂಪವಲ್ಲ. ಯಾವುದಾದರೂ ಸಾಲಿನಲ್ಲಿ ನಿಂತರೆ ಆ ಸಾಲಿಗೆ ಅದು ಬೇಕು. ಆಗ ಅದೇ ಲೈಬ್ರರಿಯ ಈ ಯಂತ್ರದಲ್ಲಿರುವ ಆವೃತ್ತಿಯನ್ನು ಪಟ್ಟಿಯಲ್ಲಿ ಹುಡುಕಿ ಟಿಕ್ ಹಾಕಬೇಕು. ಪಟ್ಟಿಯಲ್ಲಿ ಇಲ್ಲದಿದ್ದರೆ ಅದನ್ನು ಒದಗಿಸುವ ತಂತ್ರಾಂಶವನ್ನು ಹಾಕಬೇಕು. ಕಡತ ಇದ್ದೂ ದಾಖಲಾಗಿಲ್ಲದಿದ್ದರೆ 'ರೆಗ್‌ಸರ್ವರ್32' ಎಂಬ ವಿಂಡೋಸಿನ ಆಜ್ಞೆಯಿಂದ ನೋಂದಾಯಿಸಬಹುದು. 64 ಬಿಟ್‌ನ ವಿಂಡೋಸಿನಲ್ಲಿ ಒಂದು ತಮಾಷೆ ಗಮನಿಸಬೇಕು: 64 ಬಿಟ್‌ನ ಕಡತಗಳು ಇರುವ ಫೋಲ್ಡರಿನ ಹೆಸರು ಸಿಸ್ಟಂ32, 32 ಬಿಟ್‌ನವು ಇರುವುದು ಸಿಸ್‌ವೌ64. ಹೆಸರಿಟ್ಟವರಿಗೆ ನಮಸ್ಕಾರ. ಕಾಣೆಯಾದ ಲೈಬ್ರರಿಯನ್ನು ಅಂತರಜಾಲದ ಗುರುತಿಲ್ಲದ ತಾಣಗಳಿಂದ ಇಳಿಸಿಕೊಳ್ಳುವ ಅಭ್ಯಾಸ ಮಾತ್ರ ಬೇಡ. ಅದುವರೆಗೆ ಇರದಿದ್ದ ವೈರಸ್ ಆಗ ನಿಜಕ್ಕೂ ಬರುತ್ತದೆ.

ಕೆಲವೊಮ್ಮೆ ಲಕ್ಷಣಗಳೆಲ್ಲ ಇದ್ದು, ಪಟ್ಟಿಯಲ್ಲಿ ಮಾತ್ರ ಯಾವುದೂ 'ಮಿಸ್ಸಿಂಗ್' ಎಂದಿರುವುದಿಲ್ಲ. ಆಗ ಬೇಡದ ಯಾವುದಾದರೂ ಒಂದು ಲೈಬ್ರರಿಗೆ ಟಿಕ್ ಹಾಕಿ ಓಕೆ ಒತ್ತಿ, ಮತ್ತೆ ಪಟ್ಟಿ ತೆರೆದು ಆ ಟಿಕ್ ತೆಗೆದು ಓಕೆ ಒತ್ತುವುದು ಬಲ್ಲವರ ಉಪಾಯ. ಮಾಡಿದ್ದನ್ನು ಅಳಿಸಿದಂತೆ ಕಂಡರೂ ಆ ನೆಪದಲ್ಲಿ ಆಕ್ಸೆಸ್ ಇಡೀ ಪಟ್ಟಿಯನ್ನು ಹೊಸದಾಗಿ ಲೆಕ್ಕ ಹಾಕುತ್ತದೆ.

ಇಬ್ಬರು ಮಂಜುನಾಥರು

ಕೊಂಡಿಗಳೆಲ್ಲ ಸರಿಯಿದ್ದೂ 'ಟೈಪ್ ಮಿಸ್‌ಮ್ಯಾಚ್' ಎಂಬ ತಕರಾರು ಬರುವುದುಂಟು. ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಮೇಷ್ಟ್ರು ಬರಿದೇ 'ಮಂಜುನಾಥ' ಎಂದು ಕರೆದಾಗ ಏಳುವವನು ಯಾರು? ಮುಂದಿನ ಬೆಂಚಿನವನು. ಆಕ್ಸೆಸ್‌ನಲ್ಲಿಯೂ ಹೀಗೆಯೇ. ಡಿ.ಎ.ಒ., ಎ.ಡಿ.ಒ. ಎಂಬ ಎರಡು ಲೈಬ್ರರಿಗಳಲ್ಲೂ 'ರೆಕಾರ್ಡ್‌ಸೆಟ್' ಎಂಬ ಹೆಸರಿನ ವಸ್ತುವಿದೆ. ಗುಣ ಬೇರೆ ಬೇರೆ. ಪಟ್ಟಿಯಲ್ಲಿ ಯಾವುದು ಮೇಲಿದೆಯೋ ಅದು 'ಬಂದೆ ಸಾರ್' ಎನ್ನುತ್ತದೆ. ಆಕ್ಸೆಸ್ 97ರ ಕಾಲದಲ್ಲಿ ಪಟ್ಟಿಯಲ್ಲಿ ಡಿ.ಎ.ಒ. ತಾನಾಗಿಯೇ ಇರುತ್ತಿತ್ತು. ಆಕ್ಸೆಸ್ 2000 ಬಂದಾಗ ಹೊಸ ಕಡತಗಳಿಗೆ ಅದರ ಬದಲು ಎ.ಡಿ.ಒ. ಕೊಟ್ಟರು. ಹಳೆಯ ಪುಸ್ತಕ ನೋಡಿಕೊಂಡು ಪ್ರೋಗ್ರಾಮು ಬರೆದವರೆಲ್ಲ ಎಡವಿದರು. ಪರಿಹಾರ ನಮ್ಮೂರಿನದೇ, ಇನಿಷಿಯಲ್ ಸೇರಿಸುವುದು. 'ಡಿ.ಎ.ಒ. ಡಾಟ್ ರೆಕಾರ್ಡ್‌ಸೆಟ್' ಎಂದು ಬರೆದುಬಿಟ್ಟರೆ ಪಟ್ಟಿಯಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬ ಚಿಂತೆಯಿಲ್ಲ.

ಮತ್ತೆ ಕಳಚದಂತೆ

ರೆಫರೆನ್ಸ್ ಕಡಿಮೆಯಿದ್ದಷ್ಟೂ ತೊಂದರೆ ಕಡಿಮೆ. ರಸೀದಿ ಹಾಕುವ ಸಾಮಾನ್ಯ ಕಡತಕ್ಕೆ ವಿ.ಬಿ.ಎ., ಆಕ್ಸೆಸ್ ಮತ್ತು ದತ್ತಾಂಶದ ಲೈಬ್ರರಿ, ಹೀಗೆ ಮೂರ್ನಾಲ್ಕು ಸಾಕು. ಎಕ್ಸೆಲ್‌ಗೆ ತಿಂಗಳಿಗೊಮ್ಮೆ ಲೆಕ್ಕ ಕಳಿಸುವುದಾದರೆ ಅದಕ್ಕಾಗಿ ಖಾಯಂ ಕೊಂಡಿ ಬೇಕಿಲ್ಲ. 'ಕ್ರಿಯೇಟ್ ಆಬ್ಜೆಕ್ಟ್' ಎಂಬ ಸೂಚನೆಯಿಂದ, ಬೇಕಾದ ಕ್ಷಣದಲ್ಲಿ ಆ ಯಂತ್ರದಲ್ಲಿ ಯಾವ ಎಕ್ಸೆಲ್ ಇದೆಯೋ ಅದನ್ನೇ ಕರೆಯಬಹುದು. ಇದಕ್ಕೆ ಲೇಟ್ ಬೈಂಡಿಂಗ್ ಎನ್ನುತ್ತಾರೆ. ಬರೆಯುವವನಿಗೆ ಶ್ರಮ ಸ್ವಲ್ಪ ಹೆಚ್ಚು. ಲೈಬ್ರರಿಯ ಪರಿಚಯವಿಲ್ಲದ್ದರಿಂದ 'ಎಕ್ಸ್‌ಎಲ್‌ಅಪ್' ಎಂಬಂಥ ಹೆಸರುಗಳು ಪ್ರೋಗ್ರಾಮಿಗೆ ತಿಳಿಯವು. ಅದರ ಬದಲು -4162 ಎಂಬ ಅಂಕಿಯನ್ನೇ ಬರೆಯಬೇಕು. ಆದರೂ ನಾಲ್ಕಾರು ಯಂತ್ರಗಳಿರುವ ಕಡೆ ಈ ಶ್ರಮ ಸಾರ್ಥಕ.

ಇನ್ನೊಂದು ಉಪಾಯ ಕಡತವನ್ನು ಎರಡು ಮಾಡುವುದು. ಕೋಷ್ಟಕಗಳು ಮಾತ್ರ ಇರುವ ಕಡತ ಒಂದು ಯಂತ್ರದಲ್ಲಿ; ನಮೂನೆ, ವರದಿ, ಪ್ರೋಗ್ರಾಮು ಇರುವ ಕಡತದ ಒಂದೊಂದು ಪ್ರತಿ ಪ್ರತಿಯೊಂದು ಮೇಜಿನಲ್ಲಿ. ಆಗ ಮುಂದಿನ ಮೇಜಿನ ಬಡ್ತಿ ಹಿಂದಿನ ಮೇಜಿಗೆ ತಗುಲುವುದಿಲ್ಲ.

ಆಫೀಸಿನವರು ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. ಪ್ರೋಗ್ರಾಮು ಬರೆದವರು ಕೆಲವೊಮ್ಮೆ ಅದನ್ನು ಯಾರೂ ತಿದ್ದದಂತೆ ಎಂ.ಡಿ.ಇ. ಅಥವಾ ಎ.ಸಿ.ಸಿ.ಡಿ.ಇ. ಎಂಬ ಮುಚ್ಚಿದ ರೂಪದಲ್ಲಿ ಕೊಡುತ್ತಾರೆ. ಮೂಲ ಬರಹ ಅದರಲ್ಲಿ ಇರುವುದಿಲ್ಲ. ರೆಫರೆನ್ಸ್ ಮುರಿದರೆ ಅದರಲ್ಲಿ ತಿದ್ದಲೂ ಬರುವುದಿಲ್ಲ. ಮೂಲ ಕಡತದಲ್ಲಿ ತಿದ್ದಿ ಹೊಸದಾಗಿ ಮುಚ್ಚಬೇಕು. ಮೂಲ ಕಡತ ನೌಕರಿ ಬದಲಿಸಿದ ಹುಡುಗನ ಬಳಿಯೇ ಉಳಿದಿದ್ದರೆ ಪಕ್ಕದ ಅಂಗಡಿಯವರ ಮಗಳೂ ಏನೂ ಮಾಡಲಾರಳು. ಕೆಲಸ ಮುಗಿದ ದಿನವೇ ಮೂಲದ ಪ್ರತಿಯನ್ನು ಕೇಳಿ ಪಡೆದು ಬೀರುವಿನಲ್ಲಿ ಇಡುವುದು ಯಜಮಾನರ ಕೆಲಸ.

ನಮ್ಮ ಊಹೆಯ ಆಫೀಸಿನಲ್ಲಿ ಕಡತ ತೆರೆದದ್ದೇ ಇತ್ತು. ಪಟ್ಟಿಯಲ್ಲಿ 'ಮಿಸ್ಸಿಂಗ್' ಎಂದಿದ್ದದ್ದು ಒಂದೇ ನಮೂದು, ಹಳೆಯ ಕ್ಯಾಲೆಂಡರ್ ಕಂಟ್ರೋಲ್. ಹುಡುಗಿ ಹೆಸರು ಬರೆದುಕೊಂಡು ಟಿಕ್ ತೆಗೆದಳು. ಕಂಪೈಲ್ ಒತ್ತಿದಾಗ ಕ್ಯಾಲೆಂಡರನ್ನು ಕರೆಯುವ ಎರಡು ಸಾಲುಗಳಲ್ಲಿ ನಿಂತಿತು. ಆಕ್ಸೆಸ್ 2007ರಿಂದೀಚೆಗೆ ತಾರೀಖು ತುಂಬುವ ಚೌಕದ ಪಕ್ಕದಲ್ಲಿ ಆಕ್ಸೆಸ್‌ನದೇ ಪುಟ್ಟ ಕ್ಯಾಲೆಂಡರ್ ಬರುತ್ತದೆ, ಹೊರಗಿನದು ಬೇಕಿಲ್ಲ. ನಮೂನೆಯಿಂದ ಹಳೆಯ ಕ್ಯಾಲೆಂಡರನ್ನೂ ಆ ಎರಡು ಸಾಲುಗಳನ್ನೂ ತೆಗೆದಳು. ಈ ಸಲ ಕಂಪೈಲ್ ಸದ್ದಿಲ್ಲದೆ ಮುಗಿಯಿತು. ನಮೂನೆ ತೆರೆದರೆ ಚೌಕದಲ್ಲಿ ಇವತ್ತಿನ ತಾರೀಖು ಇದೆ.

ಗುಮಾಸ್ತರು ಮೊದಲ ರಸೀದಿ ಅಚ್ಚು ಹಾಕಿ ಡ್ರೈವರನ ಕೈಗೆ ಕೊಟ್ಟರು. "ಹಿಂದಿನ ಟೇಬಲ್ ಕಂಪ್ಯೂಟರ್‌ಗೂ ಇದನ್ನೇ ಹಾಕಿಬಿಡಮ್ಮ" ಎಂದರು ಯಜಮಾನರು. "ಅದರಲ್ಲಿ ಯಾವ ಆಕ್ಸೆಸ್ ಇದೆ ಅಂಕಲ್?" ಎಂದು ಆಕೆ ಕೇಳಿದಳು.